ಗಾಡಿಯ ನಡುವೆ ಕೂತ ಕಬ್ಬಿಣ

"ಅವಳು ಕಲೀಲಿ ಮೇಡಂ. ಪಿಯಾನೋ ಮನೆಗೆ ತರೋದು ನನ್ನ ಜವಾಬ್ದಾರಿ. ಯಾರದೋ ಗಾಡೀಲಿ ಅಲ್ಲ, ನನ್ನ ಗಾಡೀಲೇ ತರ್ತೀನಿ."

ನನ್ನ ಗಂಡ ಮೋಹನ್ ಈ ಮಾತು ಕೊಟ್ಟಿದ್ದು ಸರಸ್ವತಿಪುರಂನಲ್ಲಿ, ಗಿರಿಜಾಂಬಾ ಮೇಡಂ ಮನೆಯ ಮೆಟ್ಟಿಲ ಮೇಲೆ ನಿಂತುಕೊಂಡು. ನಮ್ಮ ಮಗಳು ಚೈತನ್ಯ ಆಗ ಎರಡನೇ ಕ್ಲಾಸು. ನಾನು ಬೋಗಾದಿಯ ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುತ್ತೇನೆ. ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರಿಗೆ, ಒಬ್ಬೊಬ್ಬರೇ ಇರುವ ಕೆಲವು ವಯಸ್ಸಾದವರಿಗೆ. ಮೇಡಂ ಅವರಲ್ಲೊಬ್ಬರು. ಸ್ಕೂಲಿಗೆ ರಜ ಇದ್ದಾಗ ಚೈತೂನೂ ಡಬ್ಬಿ ಕೊಡಲು ನನ್ನ ಜೊತೆ ಬರುತ್ತಿದ್ದಳು. ಒಂದು ದಿನ ನಾನು ಹಿತ್ತಲಲ್ಲಿ ಖಾಲಿ ಡಬ್ಬಿ ತೊಳೆಯುತ್ತಿದ್ದೆ, ಒಳಗಿಂದ ಪಿಯಾನೋ ಸದ್ದು ಬಂತು. ಓಡಿಹೋಗಿ ಅವಳ ಬೆನ್ನಿಗೊಂದು ಕೊಡಲು ಕೈ ಎತ್ತಿದರೆ ಮೇಡಂ ಕೈ ಹಿಡಿದುಕೊಂಡರು.

"ಇರಮ್ಮ. ಅದು ಬಡೀತಾ ಇಲ್ಲ. ಹುಡುಕ್ತಾ ಇದೆ."

ಆ ವಾರದಿಂದಲೇ ಪಾಠ ಶುರುವಾಯಿತು. ಮೇಡಂ ತಾತ ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿದ್ದವರಂತೆ, ಪಿಯಾನೋ ಅವರ ಕಾಲದ್ದು. ಬೀರುವಿನಷ್ಟು ಎತ್ತರ ಇಲ್ಲ, ಆದರೆ ಬೀರುವಿಗಿಂತ ಭಾರ. ಮೇಡಂ ಒಂದು ಸಲ ಹೇಳಿದರು, "ಮನೇಲಿ ಅಭ್ಯಾಸ ಮಾಡದೆ ಇದು ಕೈಗೆ ಬರೋದಿಲ್ಲ ಮೋಹನ್ ಅವರೆ." ಅದಕ್ಕೆ ಇವರು ಕೊಟ್ಟ ಮಾತು ಅದು. ಯಾರೂ ಕೇಳಿರಲಿಲ್ಲ. ತಾವಾಗಿಯೇ ಕೊಟ್ಟರು, ಅದೂ ಮಗು ಎದುರಿಗೆ.

ಇವರ ಗಾಡಿ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದೊಂದು ಪಿಕಪ್. ಲೋಡು ಹಾಕುವ ಹಿಂದಿನ ಬಾಡಿಯಲ್ಲಿ, ಸರಿಯಾಗಿ ನಡುಮಧ್ಯೆ, ಒಂದು ಕಬ್ಬಿಣ ಕೂತಿತ್ತು. ಹಿಚ್ಚು ಅಂತೀವಿ. ಉದ್ದನೆಯ ಟ್ರೈಲರ್ ಎಳೆಯುವ ಲಾರಿಗಳಲ್ಲಿ ಡ್ರೈವರ್ ಕ್ಯಾಬಿನ್ ಹಿಂದೆ ಕುದುರೆ ಲಾಳದ ಹಾಗೆ ಬಾಯಿ ತೆರೆದ ದಪ್ಪ ತಟ್ಟೆಯೊಂದು ಇರುತ್ತಲ್ಲ, ಟ್ರೈಲರಿನ ಗೂಟ ಬಂದು ಕಚ್ಚಿಕೊಳ್ಳುವಂಥದ್ದು, ಅದರ ಮರಿ ಇದು. ಮರಿ ಅಂದರೂ ಕ್ವಿಂಟಾಲ್ ಮೇಲೆ. ಫಿಫ್ತ್ ವೀಲ್ ಅಂತ ಇವರು ಜಂಬದಿಂದ ಹೇಳುತ್ತಿದ್ದರು. ವೀಲಂತೆ. ಒಂದು ದಿನವೂ ತಿರುಗಿದ್ದು ನಾನು ಕಾಣೆ.

ಅದನ್ನು ಹಾಕಿಸಿದ್ದು ಸ್ಟೇಜ್ ಟ್ರೈಲರಿಗೆ. ಕಡಕೊಳದ ಒಂದು ವರ್ಕ್‌ಶಾಪಿನಲ್ಲಿ ಇವರೇ ನಿಂತು ಮಾಡಿಸಿದ ಟ್ರೈಲರ್; ಎಳೆದುಕೊಂಡು ಹೋಗಿ ನಿಲ್ಲಿಸಿ, ಪಕ್ಕದ ಹಲಗೆ ಬಿಚ್ಚಿದರೆ ವೇದಿಕೆ. ಗಣೇಶ, ರಾಜ್ಯೋತ್ಸವ, ಆರ್ಕೆಸ್ಟ್ರಾ ಅಂತ ಸುತ್ತಿದ್ದೇ ಸುತ್ತಿದ್ದು. ಸ್ಟೇಜ್ ಮೋಹನ್ ಅಂದರೆ ಆಗ ಎಲ್ಲರಿಗೂ ಗೊತ್ತು. ಕೊರೋನಾ ಬಂತು, ಕಾರ್ಯಕ್ರಮ ನಿಂತವು, ಟ್ರೈಲರ್ ಮಾರಿದೆವು. ತಗೊಂಡವರ ಹತ್ತಿರ ಅವರದೇ ಹಿಚ್ಚು ಇತ್ತು, ಇದು ಬೇಡ ಅಂದರು. ಅಲ್ಲಿಂದ ಅದು ನಮ್ಮ ಗಾಡಿಯಲ್ಲೇ. ಇವರು ಈಗ ಪ್ಲೈವುಡ್, ಪೈಪು, ಶಾಮಿಯಾನದ ಕುರ್ಚಿ ಸಾಗಿಸುತ್ತಾರೆ, ಎಲ್ಲವನ್ನೂ ಆ ಕಬ್ಬಿಣದ ಅಕ್ಕಪಕ್ಕ ತುರುಕಿ.

"ತೆಗೆದು ಬಿಸಾಕ್ರೀ ಅದನ್ನ" ಅಂತ ನಾನು ಹೇಳದ ತಿಂಗಳಿಲ್ಲ.

"ನಾಳೆ ಇನ್ನೊಂದು ಟ್ರೈಲರ್ ಮಾಡುಸ್ದೆ ಅಂತ ಇಟ್ಕೋ. ಆಗ ಎಲ್ಲಿಂದ ತರ್ಲಿ? ಇರ್ಲಿ ಬುಡೇ. ಅನ್ನ ಹಾಕಿದ ಕಬ್ಬಿಣ ಅದು."

ಈ ವರ್ಷ ದಸರಾಕ್ಕೆ ಮುಂಚೆ ಮೇಡಂ ನನ್ನನ್ನು ಕೂರಿಸಿ ಹೇಳಿದರು. ಮನೆ ಓನರ್ ಹಳೇ ಮನೆ ಕೆಡವುತ್ತಾರೆ. ಅಕ್ಕನ ಮಗ ವಾಗೀಶ ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರು, ಅವನ ಜೊತೆ ಹೊರಟುಬಿಡುತ್ತೇನೆ. ಪಿಯಾನೋ ಚೈತನ್ಯಳಿಗೆ.

ಚೈತು ಈಗ ಒಂಬತ್ತನೇ ಕ್ಲಾಸು, ಡಿಸೆಂಬರ್‌ನಲ್ಲಿ ಅವಳಿಗೆ ಪಿಯಾನೋ ಪರೀಕ್ಷೆ ಇದೆ. ಮನೆಯಲ್ಲಿ ಇರುವುದು ಯಾರೋ ಕೊಟ್ಟ ಹಳೇ ಕೀಬೋರ್ಡು, ಅದರಲ್ಲಿ ಅರ್ಧ ಕೀಗಳು ಮೂಕ. ಮೇಡಂ ಹೋದರೆ ಅಲ್ಲಿಗೆ ಕಲಿಕೆ ಮುಗಿದಂತೆಯೇ. ಪಿಯಾನೋ ಬಂದರೆ ಮೇಡಂ ಫೋನಿನಲ್ಲೇ ಪಾಠ ಮುಂದುವರಿಸುತ್ತಾರಂತೆ.

"ಆದರೆ ಒಂದು ಕಂಡೀಷನ್ ಅನುಪಮಾ" ಅಂದರು ಮೇಡಂ. "ಸರಸ್ವತಿ ಪೂಜೆಗೆ ಕೂರಿಸಿರ್ತೀನಿ. ವಿಜಯದಶಮಿ ಬೆಳಿಗ್ಗೆ ಪೂಜೆ ಬಿಡಿಸೋವರೆಗೂ ಅದನ್ನ ಅಲ್ಲಾಡಿಸೋ ಹಾಗಿಲ್ಲ. ಆಮೇಲೆ ತಗೊಂಡು ಹೋಗಿ. ಅವತ್ತೇ ಮಧ್ಯಾಹ್ನ ಒಂದಕ್ಕೆ ಓನರಿಗೆ ಬೀಗದ ಕೈ ಕೊಡಬೇಕು. ಅಷ್ಟರಲ್ಲಿ ನೀವು ಬರದಿದ್ದರೆ ವಾಗೀಶ ಯಾವುದೋ ರೆಸಾರ್ಟಿನವರಿಗೆ ಹೇಳಿದ್ದಾನೆ. ಅವರು ಹಾಲ್‌ನಲ್ಲಿ ಚಂದಕ್ಕೆ ಇಟ್ಕೋತಾರಂತೆ."

ಬೇರೆ ಗಾಡಿ ಕೇಳಿದೆ. ಇವರಿಗೆ ಗೊತ್ತಾಗದ ಹಾಗೆ ಇಬ್ಬರು ಟೆಂಪೋದವರನ್ನು ಕೇಳಿದೆ. "ಅಕ್ಕ, ಆಯುಧಪೂಜೆ ಮಾಡಿ ಹೂ ಹಾಕಿ ನಿಲ್ಸ್‌ಬುಟ್ರೆ ದಶಮಿ ದಿನ ನಾನು ತೆಗೆಯಕ್ಕಿಲ್ಲ" ಅಂದ ಒಬ್ಬ. ಇನ್ನೊಬ್ಬ ಹೆಂಡತಿ ಮಕ್ಕಳನ್ನು ಜಂಬೂಸವಾರಿಗೆ ಕರೆದುಕೊಂಡು ಹೋಗಬೇಕಂತೆ. ಸರಿ, ನಮ್ಮ ಗಾಡಿಯೇ ಗತಿ. ಪಿಯಾನೋ ನೆಟ್ಟಗೆ ನಿಂತೇ ಬರಬೇಕು, ಕ್ಯಾಬಿನ್‌ಗೆ ಒರಗಿಸಿ ಹಗ್ಗ ಬಿಗಿಯಬೇಕು. ಅದಕ್ಕೆ ಹಿಚ್ಚು ಇಳಿಯಬೇಕು.

"ಇಳಿಸ್ತೀನಿ ಕಣೇ. ನಾಲ್ಕು ಬೋಲ್ಟು. ಎಷ್ಟೊತ್ತು!"

ಈ "ಎಷ್ಟೊತ್ತು" ಕೇಳಿಕೊಂಡೇ ನವರಾತ್ರಿಯ ಒಂದೊಂದೇ ದಿನ ಕಳೆಯಿತು. ಕೊನೆಗೆ ಬೋಲ್ಟು ಬಿಚ್ಚುವ ಪಾನಾ ಕೈಗೆ ತಗೊಂಡಿದ್ದು ಆಯುಧಪೂಜೆ ದಿನ ಬೆಳಿಗ್ಗೆ. ಪೂಜೆಗೆ ಮುಂಚೆ ಇಳಿಸಿಬಿಡಬೇಕು, ಪೂಜೆ ಆದ ಮೇಲೆ ಅವತ್ತೆಲ್ಲ ಮುಟ್ಟುವ ಹಾಗಿಲ್ಲ ಅಂತ ಅವರದೇ ಕಾನೂನು.

ಒಂದು ಬೋಲ್ಟೂ ಅಲ್ಲಾಡಲಿಲ್ಲ.

ಅಲ್ಲಾಡುವುದಾದರೂ ಹೇಗೆ? ಪ್ರತಿ ವರ್ಷ ಆಯುಧಪೂಜೆಗೆ ಇವರು ಆ ಹಿಚ್ಚಿಗೆ ಹೊಸ ಪೇಂಟು ಹೊಡೆಯುತ್ತಾರೆ. ತಟ್ಟೆಗೆ ಕೆಂಪು, ಬೋಲ್ಟುಗಳಿಗೆ ಬೆಳ್ಳಿ ಬಣ್ಣ. ಹಳೇದು ಕೆರೆಯುವುದಿಲ್ಲ, ಅದರ ಮೇಲೆಯೇ. ಆಮೇಲೆ ಅರಿಶಿನ, ಕುಂಕುಮ, ಸಂದಿಗೊಂದು ನಿಂಬೆಹಣ್ಣು. ತೆಂಗಿನಕಾಯಿ ಒಡೆಯುವುದೂ ಅದರ ಬಾಯಿಗೇ, ನೀರೆಲ್ಲ ಒಳಗೆ ಇಳಿಯಬೇಕು, ಆಗಲೇ ಸಮಾಧಾನ. ಬೇರೆಯವರು ಗಾಡಿಯ ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ ನಮ್ಮದರಲ್ಲಿ ಈ ಐದನೇ ಚಕ್ರಕ್ಕೇ ಮೊದಲ ಮರ್ಯಾದೆ. ಅಷ್ಟು ವರ್ಷದ ಭಕ್ತಿ ಎಲ್ಲಾ ತುಕ್ಕಾಗಿ ಬೋಲ್ಟುಗಳೊಳಗೆ ಕೂತಿತ್ತು. ಯಾವುದು ನಟ್ಟು, ಯಾವುದು ವಾಷರ್ ಅಂತ ಕಾಣುವುದೇ ಇಲ್ಲ, ಎಲ್ಲಾ ಒಂದೇ ಬೆಳ್ಳಿ ಉಂಡೆ.

"ಡೀಸೆಲ್ ಬುಟ್ಟಿದೀನಿ. ನೆನೀಲಿ" ಅಂದರು.

"ನೆನೆಯೋಕೆ ಅದೇನು ಕಡ್ಲೆಬೇಳೇನಾ?"

"ನೀನು ಒಳಗೋಗು. ನಿನ್ನ ಮೂತಿ ನೋಡುದ್ರೆ ಬಿಚ್ಕೋಬೇಕು ಅಂತಿರೋದೂ ಬಿಚ್ಕಳಲ್ಲ."

ನಾನು ಒಳಗೆ ಹೋಗಲಿಲ್ಲ. ಅವತ್ತು ಡಬ್ಬಿಗೆ ರಜ, ಹಬ್ಬದಡುಗೆ ಬೆಳಿಗ್ಗೆ ಬೇಗ ಎದ್ದು ಮುಗಿಸಿದ್ದೆ. ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ಮಲಗಿದೆ. ಮೇಲಿನಿಂದ ಇವರು ಬೋಲ್ಟು ತಿರುಗಿಸಬೇಕು, ಕೆಳಗಿನಿಂದ ಯಾರಾದರೂ ನಟ್ಟು ಹಿಡಿದಿರಬೇಕು, ಇಲ್ಲದಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ. ಇವರು ಪಾನಾಗೆ ಉದ್ದ ಪೈಪು ಸಿಕ್ಕಿಸಿ ಜಗ್ಗಿದರು. ತುಕ್ಕಿನ ಪುಡಿ, ಡೀಸೆಲ್ ಹನಿ, ಒಣಗಿದ ಕುಂಕುಮ, ಎಲ್ಲ ನನ್ನ ಮುಖದ ಮೇಲೆ. ಕಣ್ಣಿಗೆ ಬಿತ್ತು. ಬೈದೆ. ಏನು ಬೈದೆ ಅಂತ ಬರೆಯುವುದಿಲ್ಲ.

"ಅಮ್ಮಾ, ಮೇಲಿನ ಮನೆ ಅಂಕಲ್ ಕೇಳಿಸ್ಕೋತಿದಾರೆ" ಅಂದಳು ಚೈತು.

"ಕೇಳಿಸ್ಕೊಳ್ಳಲಿ!"

ಚೈತು ಉಳಿ ತಂದು ಪೇಂಟು ಕೆರೆದಳು. ಇವರು ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಬಡಿದರು. ಮೊದಲನೆಯದು ಕಿರ್ ಅಂತು, ಕದಲಿತು. ಎರಡು, ಮೂರು. ನಾಲ್ಕನೆಯದರ ತಲೆ ಸವೆದು ಗುಂಡಗಾಯಿತು, ಪಾನಾ ಜಾರಿ ಇವರ ಗೆಣ್ಣಿನ ಚರ್ಮ ಕಿತ್ತುಬಂತು. ಕಟ್ ಮಾಡಿಸಿ ಅಂದೆ. ಬೇಡ, ಬೋಲ್ಟು ಕತ್ತರಿಸಿದರೆ ಕೆಳಗಿನ ಕಬ್ಬಿಣದ ಪಟ್ಟಿ ಹಾಳಾಗುತ್ತೆ, ಮತ್ತೆ ಕೂರಿಸೋಕೆ ಆಗಲ್ಲ ಅಂದರು. ಮತ್ತೆ ಕೂರಿಸೋಕೆ! ಅಲ್ಲೇ ಪೈಪು ಕಿತ್ಕೊಂಡು ಅವರಿಗೇ ಬಿಡಬೇಕು ಅನ್ನಿಸಿತು. ಕೊನೆಗೆ ಉಳಿ ಇಟ್ಟು ಹೊಡೆದು ಹೊಡೆದು ಅದನ್ನೂ ತಿರುಗಿಸಿದರು. ಊಟದ ಹೊತ್ತು ಮೀರಿತ್ತು.

ಪಕ್ಕದ ಸೈಟಿನಲ್ಲಿ ಕಟ್ಟಡ ಕೆಲಸ ಮಾಡುವ ಮೇಸ್ತ್ರಿ ಮಹಾಂತೇಶ್, ಬಾಗಲಕೋಟೆ ಕಡೆಯವರು, ಜೊತೆಗೆ ಮೂವರನ್ನು ಕರೆದುಕೊಂಡು ಬಂದು ಹಿಚ್ಚು ಎತ್ತಿ ಇಳಿಸಿಕೊಟ್ಟರು. ಅಂಗಳದ ಟೈಲ್ಸ್ ಮೇಲೆ ಅದು ಕೂತಾಗ ಟಪ್ ಅಂತ ಸದ್ದು. ಒಂದು ಟೈಲ್ ಬಿರುಕು ಬಿಟ್ಟಿತು.

ಮೇಲಿನಿಂದ ಮನೆ ಮಾಲೀಕರು ಸುಂದರೇಶ್ ಮೇಷ್ಟ್ರು ಇಳಿದು ಬಂದರು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ನಿಲ್ಲುವ ಠೀವಿ ಇನ್ನೂ ಕ್ಲಾಸ್‌ರೂಮಿನದೇ.

"ಏನಪ್ಪಾ ಮೋಹನ, ಇದು ಇಲ್ಲೇ ಇರುತ್ತಾ?"

"ಒಂದೆರಡು ದಿನ ಸಾರ್."

"ನಿನ್ನ ಒಂದೆರಡು ದಿನ ನನಗೆ ಗೊತ್ತಿಲ್ಲವೇನಯ್ಯ? ಮೆಟ್ಟಿಲ ಕೆಳಗೆ ನಿನ್ನ ಹಳೇ ಟೈರು ಒಂದೆರಡು ದಿನ ಅಂತ ಬಂದದ್ದು, ಈಗ ಅದರೊಳಗೆ ಬೆಕ್ಕು ಮರಿ ಹಾಕಿದೆ. ಇದು ನನ್ನ ಅಂಗಳದಲ್ಲಿ ಬೇಡ."

ಒಳಗೆ ಇಡೋಣ ಅಂದರೆ ನಮ್ಮದು ಹಾಲು, ಒಂದು ರೂಮು, ಅಡುಗೆಮನೆ. ಹಾಲಿನ ಒಂದೇ ಖಾಲಿ ಗೋಡೆ ಪಿಯಾನೋಗೆ ಅಂತ ಚೈತು ಎರಡು ದಿನದಿಂದ ಗುಡಿಸಿ ಒರೆಸಿ ಕಾದಿದ್ದಳು. ಗೇಟಿನ ಹೊರಗೆ ಬಿಟ್ಟರೆ ಗುಜರಿಯವರು ಹೊತ್ತುಕೊಂಡು ಹೋಗುತ್ತಾರೆ. ಹೋಗಲಿ ಅಂದೆ. ಬಾಯಿ ತಪ್ಪಿ ಅಂದದ್ದಲ್ಲ, ಬೇಕೆಂದೇ ಅಂದೆ.

ಇವರು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗೆಣ್ಣಿನ ರಕ್ತ ಚೀಪಿಕೊಂಡು, ಆಮೇಲೆ ಹೇಳಿದರು. "ಪೂಜೆ ಹೊತ್ತಾಯ್ತು. ಗಾಡಿ ಮೇಲೆ ಇಡುಸ್ತೀನಿ. ಇದಿಲ್ದೆ ಪೂಜೆ ಮಾಡಕ್ಕೆ ಮನಸು ಬರಲ್ಲ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಇಳಿಸ್ತೀನಿ."

ಮಹಾಂತೇಶ್ ಕೈ ತೊಳೆದುಕೊಂಡು ಒಬ್ಬಟ್ಟು ತಿನ್ನುತ್ತಿದ್ದವರು ತಲೆ ಎತ್ತಿ ನೋಡಿದರು. "ಏನ್ರಿ ಅಣ್ಣಾರ, ಇಳಸಾಕ ಕರದ್ರಿ, ಈಗ ಏರಸಾಕ ಕರೀತೀರಿ. ನಾಳಿ ಮತ್ತ ಇಳಸೂದೂ? ಇದಕ್ಕಿಂತ ಬೀಸೂಕಲ್ಲು ಬೀಸೂದು ಹಗರ ಐತಿ ಬಿಡ್ರಿ!" ಹಾಗಂದರೂ ಎತ್ತಿ ಇಟ್ಟರು.

ಹೀಗೆ ಬೆಳಿಗ್ಗೆಯಿಂದ ಬೆವರು ಸುರಿಸಿ ಇಳಿಸಿದ ಹಿಚ್ಚು ಸಂಜೆ ಹೊತ್ತಿಗೆ ಮತ್ತೆ ಗಾಡಿ ನಡುವೆ ಕೂತಿತ್ತು. ಬೋಲ್ಟು ಇಲ್ಲ, ಅಷ್ಟೇ ವ್ಯತ್ಯಾಸ. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಬೂದುಗುಂಬಳಕಾಯಿ. ತೆಂಗಿನಕಾಯಿ ಮಾತ್ರ ನಾನು ಕೆಳಗೆ ಕಲ್ಲಿಗೆ ಒಡೆಸಿದೆ.

ವಿಜಯದಶಮಿ ಬೆಳಿಗ್ಗೆ ನೋಡಿದರೆ ಪಕ್ಕದ ಸೈಟು ಖಾಲಿ. ಮಹಾಂತೇಶ್ ಮತ್ತು ಅವರ ಜನ ಜಂಬೂಸವಾರಿಗೆ ಜಾಗ ಹಿಡಿಯಲು ಬೆಳಕು ಹರಿಯುವ ಮುಂಚೆಯೇ ಹೊರಟಿದ್ದರು. ಇವರು ಹಿಚ್ಚಿನ ಒಂದು ಕಡೆ, ನಾನು, ಚೈತು ಇನ್ನೊಂದು ಕಡೆ. ಜರುಗಿತು, ಎತ್ತಲಾಗಲಿಲ್ಲ.

"ಮೇಡಂ ಮನೇಲಿ ಸಾಮಾನು ಎತ್ತೋ ಹಮಾಲಿಗಳು ಇರ್ತಾರೆ" ಅಂದಳು ಚೈತು. "ಅವರೇ ಇಳಿಸ್ತಾರೆ ಅಪ್ಪ. ನಡಿ."

ಹತ್ತೂವರೆಗೆ ಸರಸ್ವತಿಪುರಂ ತಲುಪಿದೆವು. ಮನೆ ಖಾಲಿಯಾಗುತ್ತಿತ್ತು. ಹಾಲಿನಲ್ಲಿ ಪಿಯಾನೋ ಒಂದೇ, ಅದರ ಮೇಲೆ ಬಿಳಿ ಸೇವಂತಿಗೆ, ಪುಸ್ತಕ, ಸಣ್ಣ ಸರಸ್ವತಿ ಫೋಟೋ. ಮೇಡಂ ಮಂಗಳಾರತಿ ಮಾಡಿ, ಹೂ ತೆಗೆದು ಚೈತು ಮುಡಿಗೆ ಸಿಕ್ಕಿಸಿದರು. "ಮೊದಲು ನೀನು ನುಡಿಸು. ಆಮೇಲೆ ಎತ್ತಲಿ." ಅವಳು ನುಡಿಸಿದಳು. ಖಾಲಿ ಮನೆಯಲ್ಲಿ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಒಬ್ಬ ಹಮಾಲಿ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಭುಜದ ಮೇಲೆ ಹಾಕಿಕೊಂಡ.

ಹೊರಗೆ ಬಂದ ಮೇಡಂ ಗಾಡಿ ನೋಡಿದರು. "ಮೋಹನ್ ಅವರೆ, ಇದೇನು? ಬಿಚ್ಚಿ ಇಟ್ಟಿರೋ ಕಬ್ಬಿಣದ ಪಕ್ಕ ಪಿಯಾನೋ ಹೇಗೆ ಇಡೋದು? ಬ್ರೇಕ್ ಹಾಕಿದರೆ ಪುಡಿಯಾಗುತ್ತೆ."

"ಇದನ್ನ ಇಳಿಸ್ತೀವಿ ಮೇಡಂ, ಅದುಕ್ಕೇ ತಂದಿದ್ದು."

ಹಮಾಲಿಗಳು ಆಗಲೇ ಗಾಡಿ ಹತ್ತಿದ್ದರು. "ಎಲ್ಲಿ ಇಡಬೇಕಣ್ಣ? ಕಾಂಪೌಂಡಲ್ಲಿ ಏನೂ ಬಿಡಬೇಡಿ ಅಂತ ಓನರ್ ಹೇಳಿದಾರೆ. ಈ ಫುಟ್‌ಪಾತ್ ಮೇಲಾ?"

"ಇಡಿ" ಅಂದೆ ನಾನು.

"ಏಯ್, ತಡೀರಿ" ಅಂದರು ಇವರು. ಮುಖ ಬಾಡಿತು. "ನಿನ್ನೆ ಪೂಜೆ ಮಾಡಿದೀನಿ ಕಣೇ. ಹೂವು ಇನ್ನೂ ಬಾಡಿಲ್ಲ. ದಶಮಿ ದಿನ ಬೀದೀಲಿ, ಚರಂಡಿ ಪಕ್ಕ ಬಿಸಾಕೋಗದಾ?"

"ಪಿಯಾನೋ ಮನೇಲಿ ಇಳಿಸಿ ವಾಪಸ್ ಬಂದು ಎತ್ಕೊಂಡೋದ್ರೆ ಆಯ್ತಲ್ರೀ."

"ಅಷ್ಟೊತ್ತಿಗೆ ಇರ್ತದಾ ಅದು? ಈ ಜನದಲ್ಲಿ?" ವಾಚು ನೋಡಿಕೊಂಡರು. "ಇನ್ನೂ ಹನ್ನೊಂದು. ಹೂಟಗಳ್ಳಿಗೆ ಹೋಗಿ ಅಣ್ಣನ ಮನೆ ಶೆಡ್ಡಲ್ಲಿ ಇಳಿಸಿ ಬಂದ್ಬುಡ್ತೀನಿ. ಅಲ್ಲಿ ಎತ್ತೋಕೆ ಜನ ಇದಾರೆ. ಹನ್ನೆರಡೂವರೆಗೆ ಇಲ್ಲಿರ್ತೀನಿ. ನೀವು ಇಲ್ಲೇ ಇರಿ."

ಚೈತು ಅಂದಳು, "ಅಪ್ಪ, ಬೇಡ ಅಪ್ಪ. ನಾನು ಇಲ್ಲೇ ಫುಟ್‌ಪಾತ್ ಮೇಲೆ ಅದರ ಪಕ್ಕ ಕೂತ್ಕೊಂಡಿರ್ತೀನಿ. ಯಾರೂ ಮುಟ್ಟದ ಹಾಗೆ ನೋಡ್ಕೋತೀನಿ. ನೀನು ಪಿಯಾನೋ ತಗೊಂಡು ಹೋಗು."

"ಹಬ್ಬದ ದಿನ ಹೆಣ್ಣುಮಗೂನ ಬೀದೀಲಿ ಕೂರುಸ್ಲಾ? ಬಂದ್ಬುಟ್ಟೆ ಕಣೋ, ಇಲ್ಲೇ ಇದೀನಿ ಅನ್ಕೋ."

ಗಾಡಿ ಹೊರಟಿತು. ತಿರುವಿನಲ್ಲಿ ಹಿಚ್ಚಿನ ಮೇಲಿನ ಹಾರ ಹಾರಾಡಿದ್ದು ಕಾಣಿಸಿತು.

ಇವರ ಅಣ್ಣ ಮಹದೇವು ಹೂಟಗಳ್ಳಿಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ. ಮನೆ ಹಿಂದೆ ಶೀಟಿನ ಶೆಡ್ಡಿದೆ. ಹನ್ನೊಂದೂ ಮುಕ್ಕಾಲಿಗೆ ಫೋನ್ ಮಾಡಿದೆ. ತಲುಪಿದ್ದೀನಿ, ಹುಡುಗರು ಸ್ನಾನಕ್ಕೆ ಹೋಗಿದಾರೆ, ಬಂದ ತಕ್ಷಣ ಇಳಿಸ್ತಾರೆ ಅಂದರು. ಹನ್ನೆರಡು ದಾಟಿದ ಮೇಲೆ ಮತ್ತೆ ಮಾಡಿದೆ.

"ಇಳಿಸಾಯ್ತಾ?"

"ಇಳೀತು, ಇಳೀತು. ಬರೀ ನೆಲದ ಮೇಲೆ ಇಟ್ರೆ ತುಕ್ಕು ಹಿಡೀತದೆ. ಎರಡು ಮರದ ದಿಮ್ಮಿ ಇಟ್ಟು ಅದರ ಮೇಲೆ ಕೂರಿಸಿದೀವಿ. ಬಾಯಿಗೆ ಗ್ರೀಸ್ ಹಚ್ತಾ ಇದೀನಿ. ಟಾರ್ಪಾಲು ಮುಚ್ಚಿಬುಟ್ರೆ ಮುಗೀತು."

ಅಷ್ಟು ವರ್ಷ ತೆಂಗಿನಕಾಯಿ ನೀರು ಕುಡಿಸಿದವರಿಗೆ ತುಕ್ಕಿನ ಚಿಂತೆ ಅವತ್ತೇ ಬರಬೇಕಾ! "ರೀ, ಗ್ರೀಸ್ ನಾಳೆ ಹಚ್ಚಿ. ಈಗ ಹೊರಡಿ" ಅಂತ ಕಿರುಚಿದೆ. ಹಿಂದಿನಿಂದ ನನ್ನ ಓರಗಿತ್ತಿ ಧ್ವನಿ ಕೇಳಿಸಿತು. "ಏನವ್ವ ಅನುಪಮಾ, ಹಬ್ಬದ ದಿನ ಬಾಗ್ಲಿಗೆ ಬಂದೋರ್ನ ಅಂಗೇ ಕಳ್ಸಕಾಗದಾ? ಎರಡು ತುತ್ತು ಉಣ್ಲಿ ಬುಡು." ಭಾವನವರ ಧ್ವನಿ, "ಎಲೆ ಹಾಕಾಯ್ತು, ಕೂತ್ಕಳ್ಲಾ."

ಅಣ್ಣನ ಮುಂದೆ ಇವರಿಗೆ ಬಾಯಿಲ್ಲ. ಕೂತರು.

ಹನ್ನೆರಡೂವರೆಗೆ ರೆಸಾರ್ಟಿನವರ ಗಾಡಿ ಬಂದು ಗೇಟಿನ ಮುಂದೆ ನಿಂತಿತು. ಮುಚ್ಚಿದ ಬಾಡಿ, ಒಳಗೆ ದಪ್ಪ ಕಂಬಳಿ ಹಾಸಿ, ಹಗ್ಗ ಎಲ್ಲ ಸಿದ್ಧ. ವಾಗೀಶ ನನ್ನ ಮುಖ ನೋಡದೆ ಹೇಳಿದರು, "ಸುಮ್ನೆ ಬ್ಯಾಕಪ್ ಇರಲಿ ಅಂತ ಕರೆದೆ ಆಂಟಿ. ನಿಮ್ಮವರು ಬಂದರೆ ವಾಪಸ್ ಕಳಿಸ್ತೀನಿ."

ಒಂದಕ್ಕೆ ಹತ್ತು ನಿಮಿಷ ಇರುವಾಗ ಇವರು ಫೋನ್ ಮಾಡಿದರು. ಹೊರಟಿದ್ದಾರಂತೆ. ಹುಣಸೂರು ರಸ್ತೆಯಲ್ಲಿ ಜಂಬೂಸವಾರಿಗೆ ಬರುವ ಬಸ್ಸುಗಳು ಸಾಲುಗಟ್ಟಿ ನಿಂತಿವೆಯಂತೆ, ಪೊಲೀಸರು ಬಿಡುತ್ತಿಲ್ಲವಂತೆ. "ಮೇಡಂಗೆ ಹೇಳು, ಇನ್ನೇನು ಬಂದೆ."

ಒಂದಾಯಿತು. ಓನರ್ ಬಂದು ಅಂಗಳದಲ್ಲಿ ನಿಂತರು. ಮೇಡಂ ಅವರ ಹತ್ತಿರ ಏನೋ ಕೇಳಿಕೊಂಡರು, ಇನ್ನಷ್ಟು ಹೊತ್ತು ಸಿಕ್ಕಿತು. ಅದೂ ಮುಗಿಯಿತು. ಫೋನ್ ಮಾಡಿದರೆ ಇವರು ಇನ್ನೂ ಅದೇ ಸಾಲಿನಲ್ಲಿ.

"ಚಿಕ್ಕಮ್ಮ" ಅಂದರು ವಾಗೀಶ, "ಶಿವಮೊಗ್ಗ ಸೇರೋಷ್ಟರಲ್ಲಿ ರಾತ್ರಿ ಆಗುತ್ತೆ. ಹಮಾಲಿಗಳೂ ಹೊರಡ್ತೀವಿ ಅಂತಿದಾರೆ."

ನಾನು ಮೇಡಂ ಹತ್ತಿರ ಹೋದೆ. "ಗೇಟಿನ ಹೊರಗೆ ಇಡಿಸಿ ಮೇಡಂ. ಮರದ ನೆರಳಿದೆ. ನಾವಿಬ್ಬರೂ ಪಕ್ಕದಲ್ಲೇ ನಿಂತಿರ್ತೀವಿ. ಅವರು ಬಂದ ಮೇಲೆ ಯಾರನ್ನಾದರೂ ಕರೆದು ಎತ್ತಿಸ್ಕೋತೀವಿ."

ಮೇಡಂ ಕಣ್ಣಲ್ಲಿ ನೀರಿತ್ತು. ಆದರೂ ತಲೆ ಅಲ್ಲಾಡಿಸಿದರು. "ಬೆಳಿಗ್ಗೆ ಪೂಜೆ ಮಾಡಿದ್ದೀನಮ್ಮ. ನಮ್ಮ ತಾತನದು. ಬೀದೀಲಿ ಇಡು ಅನ್ನಬೇಡ. ನನ್ನ ಕೈಲಾಗಲ್ಲ."

ಅವರ ಮೇಲೆ ಸಿಟ್ಟು ಮಾಡುವುದೋ, ಹೂಟಗಳ್ಳಿಯಲ್ಲಿ ಎಲೆ ಮುಂದೆ ಕೂತೆದ್ದವರ ಮೇಲೆ ಸಿಟ್ಟು ಮಾಡುವುದೋ ಗೊತ್ತಾಗಲಿಲ್ಲ. ಒಬ್ಬರಿಗೆ ಕಬ್ಬಿಣ ಬೀದಿಯಲ್ಲಿ ಇಡಲಾಗದು, ಇನ್ನೊಬ್ಬರಿಗೆ ಪಿಯಾನೋ ಬೀದಿಯಲ್ಲಿ ಇಡಲಾಗದು. ಬೀದಿಯಲ್ಲಿ ನಿಂತಿದ್ದು ನಾನು, ನನ್ನ ಮಗಳು. ನಮಗೆ ಯಾರೂ ಪೂಜೆ ಮಾಡಿರಲಿಲ್ಲ.

ಎಲ್ಲರೂ ಚೈತು ಕಡೆ ನೋಡುತ್ತಿದ್ದರು. ಅವಳು ಉಗುರು ಕಚ್ಚುವುದು ನಿಲ್ಲಿಸಿ, "ಕೊಟ್ಬಿಡಿ ಮೇಡಂ" ಅಂದಳು. "ಮಳೆಗಿಳೆ ಬಂದ್ರೆ ಹಾಳಾಗುತ್ತೆ."

ಹಮಾಲಿಗಳು ಎತ್ತಿದರು. ಮೆಟ್ಟಿಲು ಇಳಿಸುವಾಗ ಒಳಗಿನ ತಂತಿಗಳೆಲ್ಲ ಒಟ್ಟಿಗೆ ಗುಂಯ್ ಅಂದವು. ರೆಸಾರ್ಟಿನ ಗಾಡಿಯ ಬಾಗಿಲು ಮುಚ್ಚಿತು. ಮೇಡಂ ಚೈತು ತಲೆ ಮೇಲೆ ಕೈ ಇಟ್ಟು, ಕಾರಿನಲ್ಲಿ ಕೂತರು. ಓನರ್ ಬೀಗ ಹಾಕಿಕೊಂಡರು.

ಎರಡು ಗಂಟೆ ಹೊತ್ತಿಗೆ ನಮ್ಮ ಪಿಕಪ್ ತಿರುವಿನಲ್ಲಿ ಕಂಡಿತು. ಹಾರ್ನ್ ಮಾಡಿಕೊಂಡೇ ಬಂದರು. ಹಿಂದಿನ ಬಾಡಿ ಪೂರ್ತಿ ಖಾಲಿ. ಅಣ್ಣನ ಮನೆಯಲ್ಲಿ ಪೈಪು ಬಿಟ್ಟು ತೊಳೆಸಿದ್ದರು ಅಂತ ಕಾಣುತ್ತೆ, ಕುಂಕುಮದ ಕಲೆ ಕೂಡ ಇರಲಿಲ್ಲ. ಬೋಲ್ಟಿನ ನಾಲ್ಕು ತೂತು ಬಿಟ್ಟರೆ ಅಲ್ಲೊಂದು ಹಿಚ್ಚು ಇತ್ತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಹಾಸಲು ಓರಗಿತ್ತಿಯ ಹಳೇ ಹಾಸಿಗೆ ಬೇರೆ ಕೇಳಿ ತಂದಿದ್ದರು.

ಇಳಿದು ಬಂದು ಬೀಗ ನೋಡಿದರು. ಆಮೇಲೆ ನನ್ನನ್ನು.

"ಎಲ್ಲಿ?"

ಚೈತು ಹೇಳಿದಳು. "ಹೋಯ್ತು ಅಪ್ಪ."

"ಅಯ್ಯೋ, ಇಷ್ಟೊತ್ತು ಕಾದೋರು ಇನ್ನೊಂಚೂರು ಕಾಯಕ್ಕೆ ಆಗ್ತಿರಲಿಲ್ವಾ..." ಅಂತ ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ರೆಸಾರ್ಟಿನವರ ನಂಬರ್ ಕೊಡು, ಈಗಲೇ ಹೋಗಿ ಕೇಳ್ತೀನಿ ಅಂದರು. ವಾಗೀಶ ಕೊಟ್ಟುಹೋಗಿದ್ದ ನಂಬರ್ ಕೊಟ್ಟೆ. ಅಲ್ಲೇ ನಿಂತು ಫೋನ್ ಮಾಡಿದರು. "ಹೌದು ಸಾರ್... ಇಲ್ಲ ಸಾರ್... ಗೊತ್ತು ಸಾರ್" ಅಂದರು, ಇಟ್ಟರು. ಮೇಡಂಗೆ ಮಾಡಲು ಹೋದರು, ಚೈತು ಫೋನ್ ಕಿತ್ತುಕೊಂಡಳು.

ಬೋಗಾದಿ ತನಕ ಮೂವರೂ ಮುಂದೆಯೇ ಕೂತು ಬಂದೆವು. ಗುಂಡಿ ಬಂದಾಗಲೆಲ್ಲ ಖಾಲಿ ಗಾಡಿ ಎಗರುತ್ತಿತ್ತು, ಹಿಂದೆ ಯಾವ ಭಾರವೂ ಇರಲಿಲ್ಲ.

ಪಿಯಾನೋ ನಮ್ಮ ಮನೆಗೆ ಬರಲಿಲ್ಲ. ಮೋಹನ್ ಮಾತು ಉಳಿಸಿಕೊಳ್ಳಲಿಲ್ಲ.